ಯಂತ್ರದ ಪಾಲಿನ ಸಂಗೀತ

ಅಣ್ಣ ಪಿಟೀಲಿಗೂ ಕಂಪ್ಯೂಟರಿಗೂ ಸೇರಿಸಿ ಒಂದು ಸಂಗೀತ ರಚಿಸಿದ್ದ. ಪಿಟೀಲಿನ ನಾದವನ್ನು ಯಂತ್ರ ಹಿಡಿದು, ಮುರಿದು, ಹಿಗ್ಗಿಸಿ, ನಿಂತ ನಿಲುವಿನಲ್ಲೇ ಉತ್ತರ ಕೊಡುತ್ತಿತ್ತು. ಹಳೆಯ ಕಛೇರಿಯೊಂದರ ರೆಕಾರ್ಡಿಂಗ್ ಇತ್ತು, ನಿಜ. ಆದರೆ ಮತ್ತೆ ನುಡಿಸಬೇಕಾದರೆ ಯಂತ್ರವೇ ಬೇಕು.

ತಂಗಿ ಸಂಗೀತ ಶಾಲೆಯ ಧ್ವನಿ ಭಂಡಾರದಲ್ಲಿ, ಹಳೆಯ ಟೇಪುಗಳನ್ನು ಉಳಿಸುವ ಕೆಲಸಕ್ಕಿದ್ದಳು. ಯಂತ್ರಗಳು ಹೇಗೆ ಕೈಕೊಡುತ್ತವೆಂದು ಬಲ್ಲವಳು.

"ಅದು ಎಲ್ಲೆಲ್ಲಿ ಏನು ಮಾಡುತ್ತೆ ಅಂತ ಬಾಯಲ್ಲಿ ಹೇಳೋ ಅಣ್ಣ, ರೆಕಾರ್ಡ್ ಮಾಡ್ಕೋತೀನಿ. ಮುಂದೆ ಯಾರಾದ್ರೂ ಹೊಸದಾಗಿ ಕಟ್ಟಬಹುದು."

"ನನ್ನನ್ನೇನು ಇವತ್ತೇ ಕಳಿಸ್ತೀಯಾ? ನಾನಿದೀನಿ, ಅದೂ ಇದೆ. ಮೊದಲು ಊಟಕ್ಕೆ ಹಾಕು."

ಅವಳು ನಕ್ಕು ತಟ್ಟೆ ಹಾಕುತ್ತಿದ್ದಳು. ಕಂಡವರ ಟೇಪುಗಳನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾಯುವವಳು ಸ್ವಂತ ಅಣ್ಣನದನ್ನು ನಾಳೆ ನಾಳೆ ಎಂದು ತಳ್ಳುತ್ತ ಬಂದಳು.

ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈಯ ಜೊತೆ ಮಾತೂ ಬರಹವೂ ಹೋದವು. ಅವನು ಆಸ್ಪತ್ರೆಯಿಂದ ಬಂದ ಮೇಲೆ ಕಂಪ್ಯೂಟರ್ ಹಾಕಿದರೆ, ಡಿಸ್ಕು ಒಳಗೇ ಕಟಕಟ ಎಂದು ನಿಂತುಬಿಟ್ಟಿತು. ಯಂತ್ರದ ಪಾಲು ಇದ್ದದ್ದು ಅದರಲ್ಲಿ ಮಾತ್ರ.

ಪಿಟೀಲೂ ಪ್ರೋಗ್ರಾಮೂ ಎರಡೂ ಗೊತ್ತಿದ್ದ ಅವನ ಶಿಷ್ಯೆಯನ್ನು ತಂಗಿ ಕರೆಸಿದಳು. ಇಬ್ಬರೂ ರೆಕಾರ್ಡಿಂಗ್ ಕೇಳಿ ಕೇಳಿ, ಯಂತ್ರದ ಪಾಲನ್ನು ಊಹಿಸಿ ಕಟ್ಟತೊಡಗಿದರು. ಸರಿಯಾದರೆ ಅಣ್ಣ ಎಡಗೈಯಲ್ಲಿ ಕುರ್ಚಿ ತಟ್ಟುತ್ತಿದ್ದ; ತಪ್ಪಿದರೆ ಮುಖ ತಿರುಗಿಸುತ್ತಿದ್ದ. ಮೊದಲ ಭಾಗ ಹೇಗೋ ಕೈಗೆ ಬಂತು. ಎರಡನೆಯದು ಬರಲಿಲ್ಲ. ಅಲ್ಲಿ ಯಂತ್ರ ಮುಂಚೆ ಕೇಳಿದ ಸ್ವರಗಳಲ್ಲಿ ಕೆಲವನ್ನೇ ಆರಿಸಿ ಮರಳಿಸುತ್ತಿತ್ತು. ಯಾವುದನ್ನು, ಯಾಕೆ?

"ಕಮಾನಿನ ಒತ್ತಡ ನೋಡಿ ಆರಿಸುತ್ತಾ, ಮೇಷ್ಟ್ರೇ?" ಶಿಷ್ಯೆ ಕೇಳಿದಳು.

ಮುಖ ತಿರುಗಿತು.

"ನಡುವಿನ ಮೌನ ನೋಡಿಯಾ?"

"ಬ... ಬ..." ಎಂದ. ಮುಂದೆ ಹೊರಡಲಿಲ್ಲ. ಕಣ್ಣು ತುಂಬಿ, ಕುರ್ಚಿಯನ್ನು ಗುದ್ದಿದ.

"ಸಾಕು ಬಿಡೋ," ಎಂದು ತಂಗಿ ಅವನ ಕೈ ಹಿಡಿದುಕೊಂಡಳು.

ಶಾಲೆಯ ಸಣ್ಣ ಸಭಾಂಗಣದಲ್ಲಿ ಮೊದಲ ಭಾಗವನ್ನಷ್ಟೇ ನುಡಿಸಿದರು. ಶಿಷ್ಯೆ ಕಮಾನು ಇಳಿಸಿದಾಗ, ಮುಗಿಯಿತೆಂದೇ ತಿಳಿದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದವರೊಬ್ಬರು ಬಂದು ಅಣ್ಣನ ಎಡಗೈ ಕುಲುಕಿದರು.

"ಎಂಥಾ ಮುಕ್ತಾಯ ಸಾರ್! ಅಲ್ಲೇ ನಿಲ್ಲಿಸಿದ್ರಲ್ಲ, ಅದು ಧೈರ್ಯ."

ಒಂದು ಸ್ವರ ಜಾರಿದರೂ ಕಛೇರಿಯನ್ನೇ ನಿಲ್ಲಿಸುತ್ತಿದ್ದ ಮನುಷ್ಯ ಈಗ ಹೌದೆಂಬಂತೆ ಮೆಲ್ಲಗೆ ತಲೆಯಾಡಿಸಿದ. ಎಂದಿನಂತೆ ರೇಗಿದ್ದರೆ ತಂಗಿ ತಡೆದುಕೊಳ್ಳುತ್ತಿದ್ದಳೇನೋ.

"ಇನ್ನೂ ಇತ್ತು ಸಾರ್," ಎಂದಳು ತಂಗಿ. ಅಷ್ಟರಲ್ಲಿ ಅವರು ಬಾಗಿಲು ದಾಟಿದ್ದರು.