ನಿಧಾನಪ್ಪನ ಸೊಂಟದ ಬಟ್ಟಲು

ಅವನ ಬಸ್ಸಿನ ಹಿಂದೆ ಸಿಕ್ಕಿಕೊಂಡರೆ ಆಮೆಯೂ ಹಾರ್ನ್ ಹೊಡೆಯುತ್ತದೆ ಎಂದು ಡಿಪೊದಲ್ಲಿ ನಗುತ್ತಿದ್ದರು. ನಿಧಾನಪ್ಪ ಎಂಬ ಹೆಸರು ಬಿದ್ದದ್ದೇ ಹಾಗೆ. ಅದೇ ಬಸ್ಸಿಗೆ ಅವನ ಹೆಂಡತಿ ಕಂಡಕ್ಟರು. "ಮನೇಲೂ ಸೀಟಿ ಊದೋದು ನಾನೇ," ಎಂದು ಅವಳು ಪ್ರಯಾಣಿಕರನ್ನು ನಗಿಸುತ್ತಿದ್ದಳು.

ಅಂಥವನಿಗೇ ಅಪಘಾತವಾಯಿತು. ಮಟಮಟ ಮಧ್ಯಾಹ್ನ ಗೋದಾಮಿನ ಗೇಟಿನಿಂದ ಲಾರಿಯೊಂದು ಹಿಂದುಮುಂದು ನೋಡದೆ ಹಿಮ್ಮುಖವಾಗಿ ರಸ್ತೆಗೆ ನುಗ್ಗಿತು. ಅವನು ಬ್ರೇಕಿನ ಮೇಲೆ ನಿಂತೇಬಿಟ್ಟ. ಆದರೂ ಬಸ್ಸು ಲಾರಿಗೆ ಗುದ್ದಿ ಮುಂದಿನ ಗಾಜು ಪುಡಿಯಾಯಿತು. ಪ್ರಯಾಣಿಕರಿಗೆ ತರಚುಗಾಯಗಳಷ್ಟೆ. ಹೆಂಡತಿ ಸೀಟುಗಳನ್ನು ಹಿಡಿದುಕೊಂಡು ಮುಂದಕ್ಕೆ ಓಡಿಬಂದಳು.

"ಏನಿಲ್ಲ ಕಣೇ, ಮಂಡಿಗೆ ಪೆಟ್ಟು," ಎಂದು ನಕ್ಕ. ಏಳಲು ಹೋದ. ಆಗಲಿಲ್ಲ.

ಅವಳು ಬಗ್ಗಿ ನೋಡಿದಳು. ಬಲಗಾಲು ಒಳಕ್ಕೆ ತಿರುಗಿ, ಎಡಗಾಲಿಗಿಂತ ಗಿಡ್ಡವಾಗಿ, ಬೇರೆ ಯಾರದೋ ಕಾಲನ್ನು ತಂದು ಅಂಟಿಸಿದಂತಿತ್ತು. ಆಂಬುಲೆನ್ಸ್ ಕರೆಯಿರಿ ಎಂದು ಅವಳು ಪ್ರಯಾಣಿಕರತ್ತ ಕೂಗಿದಳು.

ಆಸ್ಪತ್ರೆಯಲ್ಲಿ ಮೂಳೆಯ ಡಾಕ್ಟರಮ್ಮ ತನ್ನ ಮುಷ್ಟಿಯನ್ನು ಇನ್ನೊಂದು ಅಂಗೈಯೊಳಗೆ ಕೂರಿಸಿ ತೋರಿಸಿದಳು. "ಸೊಂಟದಲ್ಲಿ ಹೀಗೆ ಬಟ್ಟಲಿನ ಥರ ಒಂದು ಗುಳಿ ಇರುತ್ತೆ. ತೊಡೆಮೂಳೆಯ ಗುಂಡು ಅದರೊಳಗೆ ತಿರುಗುತ್ತೆ. ಇವರ ಮಂಡಿ ಸ್ಟಿಯರಿಂಗ್ ಕೆಳಗಿನ ತಗಡಿಗೆ ಬಡಿದಿದೆ. ಆ ಏಟಿಗೆ ಗುಂಡು ಬಟ್ಟಲಿನ ಅಂಚು ಒಡೆದುಕೊಂಡು ಹೊರಗೆ ಬಂದಿದೆ."

"ಮಂಡಿಗೆ ಹೊಡೆದ್ರೆ ಸೊಂಟ ಒಡೆಯುತ್ತಾ?" ಎಂದಳು ಹೆಂಡತಿ. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದೇ ಅವಳಿಗೆ ಅನಿಸಿತು.

ಅಂದೇ ಮಂಪರಿನ ಮದ್ದು ಕೊಟ್ಟು ಗುಂಡನ್ನು ಒಳಕ್ಕೆ ಕೂರಿಸಿದರು. ಎಚ್ಚರವಾದ ಮೇಲೆ ಡಾಕ್ಟರಮ್ಮ, "ಪಾದ ಮೇಲಕ್ಕೆ ಎತ್ತಿ ನೋಡೋಣ," ಎಂದಳು.

"ಎತ್ತಿದೀನಲ್ಲ," ಎಂದ ಅವನು.

ಪಾದ ಒದ್ದೆ ಬಟ್ಟೆಯಂತೆ ಜೋಲುಬಿದ್ದಿತ್ತು. ಡಾಕ್ಟರಮ್ಮ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಗುಂಡು ಜಾರಿದಾಗ ಹಿಂದಿನ ನರ ಜಜ್ಜಿಹೋಗಿದೆ, ಮತ್ತೆ ಚೇತರಿಸಿಕೊಂಡರೂ ಚೇತರಿಸಿಕೊಂಡೀತು, ಇಲ್ಲದಿದ್ದರೆ ಇಲ್ಲ ಎಂದಳು.

ಆಮೇಲೆ ಶಸ್ತ್ರಚಿಕಿತ್ಸೆ. ಚೂರುಗಳನ್ನು ಜೋಡಿಸಿ, ಲೋಹದ ಪಟ್ಟಿಯಿಟ್ಟು ಸ್ಕ್ರೂ ಬಿಗಿದರು. ಎಕ್ಸ್‌ರೇ ನೋಡಿ ಡಾಕ್ಟರಮ್ಮನ ಮುಖ ಅರಳಿತು. "ಒಡೆದಿತ್ತು ಅಂತಾನೇ ಗೊತ್ತಾಗಲ್ಲ, ಅಷ್ಟು ಚೆನ್ನಾಗಿ ಕೂತಿದೆ."

ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಆ ಕಾಲಿಗೆ ಭಾರ ಬಿಡುವಂತಿಲ್ಲ, ಬಗ್ಗುವಂತಿಲ್ಲ. ಪಾದ ಜೋಲದಂತೆ ಅದಕ್ಕೊಂದು ಪ್ಲಾಸ್ಟಿಕ್ ಪಟ್ಟಿ. ಕಾಲುಚೀಲ ಹಾಕುವವಳೂ ಅವಳೇ, ಬೈಯುವವಳೂ ಅವಳೇ. ಒಂದು ಬೆಳಿಗ್ಗೆ ಟೀ ತಣ್ಣಗಾಯಿತೆಂದು ಅವನು ರೇಗುತ್ತಿದ್ದಾಗ ಅವಳು ಲೋಟ ಹಿಡಿದು ನಿಂತಲ್ಲೇ ಕಲ್ಲಾದಳು.

"ರೀ, ಸುಮ್ನಿರಿ. ಕಾಲಿನ ಹೆಬ್ಬೆರಳು ಅಲ್ಲಾಡ್ತು."

"ಗಾಳಿಗಿರಬೇಕು."

"ಹೆಬ್ಬೆರಳೇನು ಎಲೇನಾ, ಗಾಳಿಗೆ ಅಲ್ಲಾಡೋಕೆ? ಇನ್ನೊಂದ್ಸಲ ಮಾಡಿ!"

ಮಾಡಿದ. ಇಬ್ಬರೂ ಬಿಕ್ಕಿಬಿಕ್ಕಿ ಅತ್ತರು.

ಪಾದ ಮೆಲ್ಲಗೆ ಮರಳಿತು. ಊರುಗೋಲು ಹೋಯಿತು. ಡಿಪೊದ ವೈದ್ಯರು ಒಪ್ಪಿದ ಮೇಲೆ ಅವನು ಮತ್ತೆ ಸ್ಟಿಯರಿಂಗ್ ಹಿಡಿದ. ಖಾಯಂ ಪ್ರಯಾಣಿಕರು ಚಪ್ಪಾಳೆ ತಟ್ಟಿದರು. ಎಲ್ಲ ಮುಗಿಯಿತು ಎಂದುಕೊಂಡರು.

ಮರುವರ್ಷ ತೊಡೆಯ ಸಂದಿಯಲ್ಲಿ ನೋವು ಶುರುವಾಯಿತು. ಮೊದಮೊದಲು ಮೆಟ್ಟಿಲು ಹತ್ತುವಾಗ ಮಾತ್ರ, ಕಡೆಕಡೆಗೆ ಬ್ರೇಕ್ ಒತ್ತುವಾಗಲೆಲ್ಲ. ಹಲ್ಲು ಕಚ್ಚಿ ಓಡಿಸಿದ. ಒಂದು ದಿನ ನಿಲ್ದಾಣದಲ್ಲಿ ಬಸ್ಸಿನಿಂದ ಇಳಿದವನು ಅಲ್ಲೇ ಕುಸಿದು ಕೂತ.

ಹೊಸ ಎಕ್ಸ್‌ರೇ ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟಳು. "ಬಟ್ಟಲು ಚೆನ್ನಾಗಿದೆ. ಗುಂಡು ಸತ್ತಿದೆ."

"ಸತ್ತಿದೆ ಅಂದ್ರೆ?"

"ಅದಕ್ಕೆ ರಕ್ತ ಹೋಗ್ತಿಲ್ಲ. ಕುಸಿದು ಚಪ್ಪಟೆಯಾಗಿದೆ."

ಪಾದ ಬಂದಿತ್ತು, ನಡಿಗೆ ಬಂದಿತ್ತು, ಚಪ್ಪಾಳೆಯೂ ಬಿದ್ದಿತ್ತು. ಅಷ್ಟರ ನಡುವೆ ಮೈಯೊಳಗಿನ ಮೂಳೆಯೊಂದು ಸದ್ದಿಲ್ಲದೆ ಸಾಯುತ್ತಿತ್ತೇ?

"ಬೇಗ ನಡೀರಿ, ಮೆಟ್ಟಿಲು ಹತ್ತಿ ಅಂತ ನಾನೇ ಬೆನ್ನುಬಿದ್ದಿದ್ದೆ ಡಾಕ್ಟ್ರೇ," ಎಂದಳು ಅವಳು. "ನನ್ನಿಂದ ಹೀಗಾಯ್ತಾ?"

"ಇಲ್ಲಮ್ಮ. ಏಟು ಬಿದ್ದ ಹೊತ್ತಿಗೇ ರಕ್ತನಾಳ ಹರಿದಿರುತ್ತೆ. ತೋರೋದು ಮಾತ್ರ ಎಷ್ಟೋ ಕಾಲ ಆದ್ಮೇಲೆ. ಆಪರೇಷನ್ ಎಷ್ಟೇ ಚೆನ್ನಾಗಿ ಆಗಿದ್ರೂ ಕೆಲವರಿಗೆ ಹೀಗಾಗುತ್ತೆ. ಮೊದಲೇ ಹೇಳಿದ್ದೆ ನಾನು."

ಹೇಳಿದ್ದು ನಿಜ. 'ಚೆನ್ನಾಗಿ ಕೂತಿದೆ' ಎಂಬ ಒಂದೇ ಮಾತನ್ನು ಕಿವಿಯಲ್ಲಿಟ್ಟುಕೊಂಡು ಉಳಿದದ್ದನ್ನು ಇವರು ಗಾಳಿಗೆ ಬಿಟ್ಟಿದ್ದರು.

ಮನೆಯ ಬಾಗಿಲು ತೆರೆದು ಒಳಗೆ ಬಂದವನೇ ಅವನು ಗೋಡೆಗೆ ಮುಖವಿಟ್ಟು, "ನಂದೇ ಮೂಳೆ, ನಂಗೇ ಹೇಳ್ದೆ ಸತ್ತುಹೋಯ್ತು ಕಣೇ," ಎಂದ.

ಸತ್ತ ಗುಂಡನ್ನು ತೆಗೆದು, ಬಟ್ಟಲಿಗೆ ಹೊಸ ಒಳಪದರ ಕೂರಿಸಿ, ಕೃತಕ ಕೀಲು ಹಾಕಿದರು. ಮಾರನೆಯ ದಿನ ವ್ಯಾಯಾಮ ಮಾಡಿಸುವವನು ಅವನನ್ನು ನಿಲ್ಲಿಸಿದ. ನೋವು ಈಗ ಬರುತ್ತದೆ, ಈಗ ಬರುತ್ತದೆ ಎಂದು ಅವನು ಕಣ್ಣು ಮುಚ್ಚಿ, ಹೆಂಡತಿಯ ಭುಜವನ್ನು ಉಗುರು ನಾಟುವಂತೆ ಹಿಡಿದಿದ್ದ. ಗಾಯ ಚುರುಗುಟ್ಟಿತು, ಅಷ್ಟೆ. ಒಳಗೆ ಕೊರೆಯುತ್ತಿದ್ದ ಆ ನೋವು ಇರಲೇ ಇಲ್ಲ.

ಬೆಚ್ಚಿ ಕಣ್ಣು ತೆರೆದ. "ಎಲ್ಲಿ ಹೋಯ್ತು?"

"ಏನು ರೀ?"

"ನೋವು."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಸ್ಸು ಇನ್ನು ಬೇಡ, ಡಿಪೊದ ಒಳಗಿನ ಕೆಲಸ ನೋಡಿಕೊಳ್ಳಿ ಎಂದು ಡಾಕ್ಟರಮ್ಮ ಹೇಳಿಯಾಗಿತ್ತು. ಮುಂದೆಂದೋ ಈ ಕೀಲೂ ಸವೆಯಬಹುದು ಎಂದೂ ಹೇಳಿದ್ದಳು. ಈ ಸಲ ಇಬ್ಬರೂ ಪೂರ್ತಿ ಕೇಳಿಸಿಕೊಂಡಿದ್ದರು.

"ಸವೆದಾಗ ನೋಡಿದ್ರಾಯ್ತು," ಎಂದು ಅವನು ಕಾಲು ಮುಂದಿಟ್ಟ. "ಕಿಟಕಿ ತನಕ ಹೋಗೋಣ, ಬಾ."