ಬೋರಲು ಹಾಕಿದ ಹಂಡೆಗಳು

ಓಣಿಯವರ ಗುಂಪಿನಿಂದ ಬಂದ ಕಲ್ಲು ಬಿದ್ದದ್ದು ಜಂಬುಲಿಂಗಪ್ಪನ ಹಣೆಗೆ. ಮೊಳಕಾಲ್ಮೂರಿನ ನೇಕಾರರ ರೇಷ್ಮೆಗೆ ಮೂವತ್ತು ವರ್ಷ ಬಣ್ಣ ಹಾಕಿದ ಮನುಷ್ಯ ತನ್ನ ಶೆಡ್ಡಿನ ಬಾಗಿಲಲ್ಲೇ ಕುಸಿದು ಕೂತ. ಹುಬ್ಬಿನಿಂದ ಇಳಿದ ರಕ್ತ ಬಾಯಿಗೆ ಬಂತು. ಉಗಿದ.

"ಯಾರೂ ಒಳಗೆ ಹೋಗಬ್ಯಾಡ್ರಿ!" ಶಶಿರೇಖಾ ಬಾಗಿಲಿಗೆ ಅಡ್ಡ ನಿಂತು ಕಿರುಚಿದಳು. "ಸಾಹೇಬ್ರು ಚಳ್ಳಕೆರೆ ದಾಟ್ಯಾರಂತೆ. ಒಂದು ತಾಸು ತಡೀರಿ!"

ಆ ಒಂದು ತಾಸಿಗಾಗಿ ಅವಳು ಎಂಟು ತಿಂಗಳು ಅಲೆದಿದ್ದಳು. ಓಣಿಯ ನಲ್ಲಿ ನೀರನ್ನು ವಾರಕ್ಕೊಮ್ಮೆ ಪರೀಕ್ಷಿಸುವುದು ಅವಳ ಕೆಲಸ. ಕೆಟ್ಟದ್ದು ಅವಳಿಗೇ ಮೊದಲು ಗೊತ್ತಾಗಿತ್ತು. ಜಂಬುಲಿಂಗಪ್ಪ ಬಣ್ಣದ ನೀರನ್ನೆಲ್ಲ ಹಿತ್ತಲಿನ ಬತ್ತಿದ ಬೋರ್‌ವೆಲ್ಲಿಗೆ ಬಿಡುತ್ತಿದ್ದ. ಅದು ನೆಲದಡಿಯಿಂದಲೇ ನಲ್ಲಿಯ ನೀರಿಗೆ ಸೇರುತ್ತಿತ್ತು. ಅರ್ಜಿಯ ಮೇಲೆ ಅರ್ಜಿ ಬರೆದ ಮೇಲೆ, ಆ ಕೊಳವೆಯಿಂದಲೇ ನೀರು ಹಿಡಿದು ಸೀಲು ಮಾಡಲು ಮಾಲಿನ್ಯ ಮಂಡಳಿಯ ಅಧಿಕಾರಿ ಇವತ್ತು ಹೊರಟಿದ್ದರು. ಆದರೆ ಬೆಳಿಗ್ಗೆ ಆಸ್ಪತ್ರೆಯಿಂದ, ಅದೇ ನೀರು ಕುಡಿದಿದ್ದ ಎದುರುಮನೆಯ ಮೂರು ವರ್ಷದ ರಶ್ಮಿತಾಳ ಹೆಣ ಬಂತು. ಅಲ್ಲಿ ಪಕ್ಕದ ಹಾಸಿಗೆಯಲ್ಲಿ ಶಶಿರೇಖಾಳ ಮಗಳಿಗೆ ಇನ್ನೂ ಡ್ರಿಪ್ ಏರುತ್ತಿತ್ತು.

"ನನ್ನ ಬಣ್ಣ ಇಲ್ದೆ ಏನು ನೇಯ್ತೀರಲೇ?" ಕೂತಲ್ಲಿಂದಲೇ ಜಂಬುಲಿಂಗಪ್ಪ ಹಂಗಿಸಿದ. "ಬಿಳೀ ಸೀರೆನಾ? ಯಾರಿಗೆ ಉಡಿಸ್ತೀರಿ, ನಿಮ್ಮ ಹೆಂಡ್ರಿಗಾ?"

"ಹಂಡೆ ಬೋರಲು ಹಾಕ್ರಲೇ ಇವಂದು!" ಮುದುಕ ಸಣ್ಣತಿಮ್ಮಪ್ಪ ಗರ್ಜಿಸಿದ.

ಬಣ್ಣ ಬಿಡುವ ನೂಲು ಕೊಟ್ಟು ಮೋಸ ಮಾಡಿದವನಿಗೆ ಆ ಓಣಿಯ ನೇಕಾರರು ಕೊಡುತ್ತಿದ್ದ ಶಿಕ್ಷೆ ಅದು. ಅಜ್ಜಂದಿರ ಕಾಲದಿಂದ ಕೇಳಿದ್ದರು, ಮಾಡಿರಲಿಲ್ಲ. ಮೊದಲು ನುಗ್ಗಿದವನು ಶಶಿರೇಖಾಳ ಗಂಡ ಚಿತ್ತಪ್ಪ. ಹೆಂಡತಿಯ ರಟ್ಟೆ ಹಿಡಿದು ಆಚೆ ಎಸೆದ. ಅವಳ ತಲೆ ಕಂಬಕ್ಕೆ ಬಡಿಯಿತು.

"ಬ್ಯಾಡ್ರೋ, ಸಾಕ್ಷಿ ಹೋಗ್ತೈತೆ!" ಬಿದ್ದಲ್ಲಿಂದಲೇ ಕೂಗಿದಳು.

ಕೇಳುವ ಕಿವಿ ಅಲ್ಲಿರಲಿಲ್ಲ. ಕುದಿಯುತ್ತಿದ್ದ ಹಂಡೆಗಳು ಒಂದೊಂದಾಗಿ ಉರುಳಿದವು. ಒಬ್ಬನ ಕಾಲು ಬೆಂದು ಚರ್ಮ ಸುಲಿದು ಬಂತು. ಅವನು ಚೀರುತ್ತಲೇ ಬಣ್ಣದ ಪುಡಿಯ ಡಬ್ಬಗಳನ್ನು ಒದ್ದ. ನೇರಳೆ ನೀರು ಬಚ್ಚಲ ಗುಂಟ ಹರಿದು, ತನಗೆ ಗೊತ್ತಿದ್ದ ದಾರಿಯಲ್ಲೇ ಹಿತ್ತಲಿನ ಕೊಳವೆಗೆ ಇಳಿಯಿತು.

ಅಧಿಕಾರಿ ಬಂದಾಗ ಕೊಳವೆ ಬಾಯಿತನಕ ತುಂಬಿ ನೊರೆ ಕಾರುತ್ತಿತ್ತು.

"ಯಾರು ಸುರಿದದ್ದು ಇದನ್ನ?"

ಟವೆಲಿನಿಂದ ಹಣೆ ಒತ್ತಿಕೊಂಡಿದ್ದ ಜಂಬುಲಿಂಗಪ್ಪ ಶಶಿರೇಖಾಳ ಕಡೆ ತಿರುಗಿದ. "ಹೇಳವ್ವ. ಅರ್ಜಿ ಬರೆದಾಕಿ ನೀನೇ ಅಲ್ವಾ."

ಅವಳ ಕಣ್ಣು ಗಂಡನ ಕಡೆ ಹೋಯಿತು. ಅಧಿಕಾರಿ ಖಾಲಿ ಬಾಟಲಿಯನ್ನು ಪೆಟ್ಟಿಗೆಯಲ್ಲಿಟ್ಟರು. "ಈ ನೀರು ಕೋರ್ಟಲ್ಲಿ ನಿಲ್ಲಲ್ಲಮ್ಮ. ನೀವೇ ಸುರಿದದ್ದು ಅಂದ್ಬಿಡ್ತಾನೆ."

"ನಲ್ಲಿ ನೀರು ಹಿಡೀರಿ ಸಾ," ಚಿತ್ತಪ್ಪ ಏದುಸಿರು ಬಿಡುತ್ತಾ ಹೇಳಿದ.

"ಹಿಡೀತೀನಿ. ಕೆಟ್ಟಿದ್ರೆ ನಿಮ್ಮ ನಲ್ಲಿ ಬಂದ್ ಮಾಡ್ಸಬಹುದು. ಶೆಡ್ಡು ಬಂದ್ ಮಾಡ್ಸೋಕೆ ಇಲ್ಲಿಂದ ನನಗೊಂದು ಬಾಟಲಿ ನೀರು ಬೇಕಾಗಿತ್ತು."

ಹಂಡೆಯಲ್ಲಿ ನೂಲು ತಿರುವುವ ಕೋಲು ಶಶಿರೇಖಾಳ ಕಾಲ ಬಳಿ ಬಿದ್ದಿತ್ತು. ಎತ್ತಿಕೊಂಡು ಗಂಡನ ಭುಜಕ್ಕೆ ಬಾರಿಸಿದಳು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಮೊಣಕೈತನಕ ನೇರಳೆಯಾದ ಕೈಗಳನ್ನು ಅವನು ಅಡ್ಡ ತರಲಿಲ್ಲ.

ಅವಳು ಮತ್ತೆ ಕೋಲೆತ್ತಿದಳು.