ಎಲ್ ಅಕ್ಷರದ ಡೊಂಕು

“ಮುಚ್ಚಿ ಇನ್ನೊಂದ್ಸಲ ತೆರಿ, ನೋಡೋಣ,” ಎಂದು ಆರ್ಲನ್ ಮೇಜಿನ ಕೆಳಗಿನಿಂದಲೇ ಕೂಗಿದ. ಕೇಬಲ್ ಬದಲಿಸಲು ನುಸುಳಿದವನ ಬೂಟುಗಳಷ್ಟೇ ಹೊರಗೆ ಕಾಣುತ್ತಿದ್ದವು.

ಮಾರ್ಲೀಸ್ ಅಕ್ಷರ ವಿನ್ಯಾಸದ ಪ್ರೋಗ್ರಾಮನ್ನು ಮುಚ್ಚಿ ತೆರೆದಳು. ಹೊಸ ಆವೃತ್ತಿ ಹಾಕಿಕೊಂಡಂದಿನಿಂದ ಅದಕ್ಕೆ ದೆವ್ವ ಹಿಡಿದಂತಾಗಿತ್ತು. ಮೆನು ಇದ್ದಕ್ಕಿದ್ದಂತೆ ಕಪ್ಪಾಗುವುದು, ಅಳಿಸಿದ ಗೆರೆಯ ನೆರಳು ಅಲ್ಲೇ ಉಳಿಯುವುದು, ಒಂದು ಬಿಂದು ಎಳೆದರೆ ಇಡೀ ಪರದೆ ನಡುಗುವುದು. ಬೆಳಗಿನಿಂದ ಆರ್ಲನ್ ಒಂದೊಂದನ್ನೇ ಸರಿಪಡಿಸಿದ್ದ. ಈಗ ಮೆನು ಬೆಳ್ಳಗಿತ್ತು, ನಡುಕವೂ ನಿಂತಿತ್ತು.

“ಹೇಗಿದೆ?”

ಅವಳು ಬಡಗಿಯಂತೆ ಎಡಗಣ್ಣು ಮುಚ್ಚಿ ನೋಡಿದಳು. ಗೆರೆಯ ನೇರ ಅಳೆಯುವಾಗ ಹಾಗೆ ನೋಡುವುದು ಅವಳ ಹಳೆಯ ರೂಢಿ. “ಎಲ್ ಅಕ್ಷರದ ನಡು ಇನ್ನೂ ಎಡಕ್ಕೆ ಬಾಗಿದೆ.”

“ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ,” ಎನ್ನುತ್ತಾ ಆರ್ಲನ್ ಗಡ್ಡಕ್ಕೆ ಧೂಳು ಮೆತ್ತಿಕೊಂಡು ಹೊರಬಂದ. ಪರದೆಗೆ ಮೂಗು ತಾಗಿಸಿದ. “ನಂಗೇನೋ ನೆಟ್ಟಗೇ ಕಾಣ್ತಿದೆ. ಆದ್ರೆ ನಿನ್ನ ಕಣ್ಣ ಮುಂದೆ ನಮ್ಮದೆಲ್ಲ ಯಾವ ಕಣ್ಣು, ಬಿಡು.”

ಅದು ಬರೀ ಹೊಗಳಿಕೆಯಲ್ಲ. ಡುಲೂತ್ ಊರಿನ ಈ ಪುಟ್ಟ ಸ್ಟುಡಿಯೋವನ್ನು ಇಬ್ಬರೂ ಸೇರಿ ಕಟ್ಟಿದಂದಿನಿಂದ ಯಂತ್ರದ ಉಸಾಬರಿ ಅವನದು, ಕಣ್ಣಿನ ಕೆಲಸ ಅವಳದು. ನಗರದ ಬಸ್ ಫಲಕಗಳಿಗೆ, ಮುದುಕರಿಗೂ ದೂರದಿಂದ ಓದಲಾಗುವಂಥ ಅಕ್ಷರ ಬೇಕೆಂದಾಗ ಜನ ಹುಡುಕಿಕೊಂಡು ಬಂದದ್ದು ಮಾರ್ಲೀಸಳ ಕಣ್ಣನ್ನೇ.

ಆರ್ಲನ್ ತನ್ನ ಪರದೆಯನ್ನೇ ತಂದು ಅವಳ ಮೇಜಿಗೆ ಸಿಕ್ಕಿಸಿದ. ಅದರಲ್ಲೂ ಎಲ್ ಬಾಗಿಯೇ ಇತ್ತು.

“ಇನ್ನೇನಾದ್ರೂ ಸೆಟ್ಟಿಂಗು ಉಳಿದಿರಬೇಕು, ಹುಡುಕು ಮಾರಾಯ,” ಎಂದಳು. ದನಿ ತನಗೇ ಅಳುಕಿನದಾಗಿ ಕೇಳಿಸಿತು. ಈ ಪ್ರೋಗ್ರಾಮಿನ ಬಗ್ಗೆ ಬಳಸುವವರೆಲ್ಲ ಬೈದು ಬರೆದದ್ದನ್ನು ಓದಿ ಅವಳಿಗೆ ಖುಷಿಯೇ ಆಗಿತ್ತು. ತಪ್ಪು ಪ್ರೋಗ್ರಾಮಿನದೇ ಆಗಿರಲಿ ದೇವರೇ. ಅಮ್ಮ ಒಂದು ದಿನ ಬಾಗಿಲ ಚೌಕಟ್ಟು ಕರಗುತ್ತಿದೆ ಎಂದಿದ್ದಳು, ಎಲ್ಲರೂ ನಕ್ಕಿದ್ದರು. ಕೆಲವು ಚಳಿಗಾಲ ಕಳೆಯುವುದರೊಳಗೆ ಅವಳಿಗೆ ಮಕ್ಕಳ ಮುಖದ ನಡುಭಾಗವೇ ಕಾಣದಾಗಿತ್ತು.

“ಕಾಫಿ ತರ್ತೀನಿ. ಆಮೇಲೆ ಹುಡುಕೋಣ,” ಎಂದು ಆರ್ಲನ್ ಕೆಳಗಿಳಿದ.

ಮಾರ್ಲೀಸಳಿಗೆ ಕೂರಲಾಗಲಿಲ್ಲ. ಎದ್ದಳು, ಕಿಟಕಿಯವರೆಗೆ ಹೋದಳು, ಮರಳಿ ಬಂದಳು. ಪ್ರೋಗ್ರಾಮು ತೋರಿಸುವ ಅಳತೆಯ ಅಂಕಿಗಳನ್ನು ನೋಡಿದರೆ ಎಲ್ ಅಕ್ಷರದ ತಲೆಯೂ ಬುಡವೂ ಒಂದೇ ನೇರದಲ್ಲಿವೆ. ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವಳ ಕಸುಬಿನಲ್ಲಿ ನಡೆಯದು. ಇಲ್ಲಿ ದುಂಡಗಿನ ಅಕ್ಷರವನ್ನು ಗೆರೆಗಿಂತ ಕೂದಲೆಳೆಯಷ್ಟು ದೊಡ್ಡದು ಮಾಡಿದರೇನೇ ಅದು ಉಳಿದವುಗಳಿಗೆ ಸಮನಾಗಿ ಕಾಣುವುದು. ಅಂಕಿ ಏನೇ ಹೇಳಲಿ, ಕಣ್ಣು ಹೇಳಿದ್ದೇ ಕೊನೆ. ಅವಳು ನಡುವೆ ಹೊಸ ಬಿಂದುಗಳನ್ನು ಹಾಕಿ ಚೂರೇ ಚೂರು ಬಲಕ್ಕೆ ಎಳೆದಳು. ಎಲ್ ನೆಟ್ಟಗಾಯಿತು. ಉಸಿರು ಹಗುರವಾಯಿತು. ಅದೇ ಹುಮ್ಮಸ್ಸಿನಲ್ಲಿ ಎಚ್, ಎಮ್ ಅಕ್ಷರಗಳ ಕಾಲುಗಳನ್ನೂ ತಿದ್ದಿ, ಹಾಳೆಯ ಮೇಲೆ ದೊಡ್ಡದಾಗಿ ಮುದ್ರಿಸಿದಳು.

ಕಾಫಿ ಹಿಡಿದು ಬಂದ ಆರ್ಲನ್ ಹಾಳೆ ನೋಡಿ ನಕ್ಕ. “ಇದ್ಯಾಕೆ ಎಲ್ಲಾ ಬಲಕ್ಕೆ ಹೊಟ್ಟೆ ಬಿಟ್ಕೊಂಡು ನಿಂತಿವೆ? ಪ್ರೋಗ್ರಾಮಿನ ರೋಗ ಪ್ರಿಂಟರಿಗೂ ಅಂಟ್ತಾ?”

“ಎಲ್ಲಿ ಹೊಟ್ಟೆ? ನೆಟ್ಟಗಿದೆಯಲ್ಲ!”

“ನೆಟ್ಟಗಾ? ತಾಳು.” ಅವನು ಸ್ಟೀಲ್ ಸ್ಕೇಲನ್ನು ಎಲ್ ಪಕ್ಕಕ್ಕಿಟ್ಟ.

ಅವಳು ಎಡಗಣ್ಣು ಮುಚ್ಚಿ ಬಗ್ಗಿದಳು. ಎಲ್ ನೆಟ್ಟಗಿತ್ತು. ಸ್ಕೇಲು ಬಾಗಿತ್ತು.

ಈ ಸಲ ಬಲಗಣ್ಣು ಮುಚ್ಚಿ ನೋಡಿದಳು. ಸ್ಕೇಲು ನೆಟ್ಟಗಾಗಿ, ಎಲ್ ಬಲಕ್ಕೆ ಹೊಟ್ಟೆ ಬಿಟ್ಟುಕೊಂಡು ನಿಂತಿತು.

“ಆರ್ಲನ್, ನಿನ್ನ ಸ್ಕೇಲು ಎಲ್ಲಾದ್ರೂ ಬಾಗಿದ್ಯಾ?”

“ಉಕ್ಕು ಕಣೇ, ಅದೆಲ್ಲಿ ಬಾ…” ಅವನ ನಗು ಅರ್ಧಕ್ಕೇ ನಿಂತಿತು. ಲೋಟವನ್ನು ಮೆಲ್ಲಗೆ ಕೆಳಗಿಟ್ಟ. “ನಿಮ್ಮಮ್ಮಂಗೆ ಆದ ಹಾಗಾ?”

“ಹ್ಞೂಂ. ಬಲಗಣ್ಣು.”

“ಏಳು. ಕಾರು ತೆಗೀತೀನಿ. ಇವತ್ತೇ ತೋರಿಸ್ಬೇಕು.”

“ಬರ್ತೀನಿ. ಕೆಡಿಸಿದ್ದನ್ನ ಸರಿ ಮಾಡಿಟ್ಟು ಬರ್ತೀನಿ. ಪಕ್ಕದಲ್ಲಿ ಕೂತು ಹೇಳು.”

ಅವನು ಕುರ್ಚಿ ಎಳೆದುಕೊಂಡು, ಅವಳ ಭುಜಕ್ಕೆ ಭುಜ ತಾಗುವಂತೆ ಕೂತ. ಮಾರ್ಲೀಸ್ ಪರದೆಗೆ ತಿರುಗಿದಾಗ ಎಡಗಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಅವಳು ಅದನ್ನು ತೆರೆಯಲು ಹೋಗಲಿಲ್ಲ. ಬಿಂದುಗಳನ್ನು ಎಡಕ್ಕೆ ಎಳೆಯತೊಡಗಿದಳು.

“ಇನ್ನೂ ಸ್ವಲ್ಪ,” ಎಂದ ಆರ್ಲನ್. “ಇನ್ನೂ… ಸಾಕು. ಈಗ ನೆಟ್ಟಗಾಯ್ತು.”

ತನ್ನೆದುರು ಬಾಗಿ ನಿಂತ ಎಲ್ ಅನ್ನು ಹಾಗೇ ಸೇವ್ ಮಾಡಿ, ಅವಳು ಎಚ್ ತೆರೆದಳು.